ಅತ್ತೆಯ ನಾಲ್ಕು ಕಮಾನುಗಳು

ನಮ್ಮತ್ತೆ ಒಂದು ವಾದ್ಯಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಡಿಸಿ, ತಾಳಿ ಕಟ್ಟಿದ ಗಂಡನನ್ನು ಸೇಲಂನಿಂದ ಧರ್ಮಪುರಿಯವರೆಗೂ ನಿಲ್ಲಿಸಿಕೊಂಡು ಹೋದವರು. ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಅದೇ ಬಸ್ಸಿನಲ್ಲಿ ನಾನೂ ಇದ್ದೆ. ನನಗೆ ಸೀಟಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಸೇಲಂನ ಗುಗೈಯಲ್ಲಿ, ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ, ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಶಿಷ್ಯೆಯೊಬ್ಬಳ ಅಪ್ಪ ಎಲ್ಲಿಂದಲೋ ಒಂದು ಕ್ಯಾಸೆಟ್ ತಂದುಕೊಟ್ಟರು. ಯುರೋಪಿನ ನಾಲ್ಕು ಜನ, ನಾಲ್ಕು ತಂತಿವಾದ್ಯ, ಹಾಡಿಲ್ಲ, ಮೃದಂಗವಿಲ್ಲ. ಅತ್ತೆ ಅದನ್ನು ಒಂದು ತಿಂಗಳು ಕೇಳಿದರು. ಸಾರು ಕುದಿಯುವಾಗ ಕೇಳಿದರು, ಕರೆಂಟು ಹೋದರೆ ಬ್ಯಾಟರಿ ಹಾಕಿ ಕೇಳಿದರು. ಕೊನೆಗೆ ನನ್ನನ್ನು ಕರೆದು ತೀರ್ಪು ಕೊಟ್ಟರು: "ನಾಕು ಜನ ಕೂತು ಜಗಳ ಇಲ್ದಂಗೆ ಮಾತಾಡ್ತಾವ್ರೆ. ನಮ್ ಬೀದೀಲಿ ಎಲ್ಲಾರ ಇಂಗೆ ಕೇಳಿದ್ದೀಯಾ? ನಾವೂ ಮಾಡಾಣ."

ಮಾಡುವುದೆಂದರೆ ಹೇಗೆ? ಮೇಲೆ ನಮ್ಮ ತೋಡಿ, ಕಲ್ಯಾಣಿ. ಕೆಳಗೆ ಆ ಕ್ಯಾಸೆಟ್ಟಿನವರ ಹಾಗೆ ಸ್ವರಗಳ ಹಾಸಿಗೆ. ಮೊದಲ ಪಿಟೀಲು ಅತ್ತೆಯದು. ಎರಡನೆಯದು ಅವರ ಹಳೆಯ ಶಿಷ್ಯ, ಪೋಸ್ಟಾಫೀಸಿನ ಸಂಪತ್ ಅವರದು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದ ನನ್ನ ಕೈಗೆ ವಯೋಲಾ ಬಂತು. ಅದು ಪಿಟೀಲಿಗಿಂತ ಸ್ವಲ್ಪ ದೊಡ್ಡದು. ಬಾರಿಸಿದರೆ ಯಾರಿಗೂ ಕೇಳಿಸುವುದಿಲ್ಲ. ಬಾರಿಸದಿದ್ದರೆ ಮಾತ್ರ ಏನೋ ಕಮ್ಮಿ ಅನ್ನಿಸುತ್ತದೆ. ನಾಲ್ಕನೆಯದು ಚೆಲ್ಲೋ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ರಾಕ್ಷಸ ಪಿಟೀಲು. ಏರ್ಕಾಡು ಬೆಟ್ಟದ ಹಳೆಯ ಶಾಲೆಯೊಂದರ ಉಗ್ರಾಣದಲ್ಲಿ ಅಂಥದೊಂದು ಸಿಕ್ಕಿತು. ಬಾರಿಸುವವರು ಸಿಗಲಿಲ್ಲ. ಅತ್ತೆ ಸುತ್ತಲೂ ನೋಡಿದರು. ಮಾವ ಊಟ ಮಾಡುತ್ತಿದ್ದರು.

ಮಾವ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಮಗ್ಗ ನಡೆಸಿದವರು. ಸ ಯಾವುದು, ಪ ಯಾವುದು ತಿಳಿಯದು. ಆದರೆ ತೋಳು ಗಟ್ಟಿ, ಮಾತು ಕಮ್ಮಿ. ಎರಡು ವರ್ಷ ದಿನಾ ಬೆಳಗ್ಗೆ, ಶೆಡ್ಡಿಗೆ ಹೋಗುವ ಮುಂಚೆ, ಅತ್ತೆ ಅವರಿಗೆ ಪಾಠ ಮಾಡಿದರು. ಪಕ್ಕದ ಮನೆಯವರು ಬಂದು ಎಮ್ಮೆ ಯಾವಾಗ ಕಟ್ಟಿದಿರಿ ಎಂದು ವಿಚಾರಿಸಿಕೊಂಡು ಹೋದರು. ಎರಡನೇ ವರ್ಷದ ಕೊನೆಗೆ ಎಮ್ಮೆ ಕಲ್ಯಾಣಿ ರಾಗಕ್ಕೆ ಬಂತು!

ನಮ್ಮ ಮೊದಲ ಕಾರ್ಯಕ್ರಮ ಧರ್ಮಪುರಿಯ ಒಂದು ಮದುವೆ. ಚೆಲ್ಲೋವನ್ನು ಬಸ್ಸಿನ ಮೇಲೆ ಹಾಕಲು ಅತ್ತೆ ಒಪ್ಪಲಿಲ್ಲ. ಅದಕ್ಕೂ ಫುಲ್ ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂರಿಸಿದರು. ತೊಪ್ಪೂರಿನಲ್ಲಿ ಚೆಕಿಂಗಿನವರು ಹತ್ತಿದರು. ಅತ್ತೆ ಧೈರ್ಯವಾಗಿ ನಾಲ್ಕು ಟಿಕೆಟ್ ತೋರಿಸಿದರು. ಪಿಟೀಲು ಒಂದು, ಪಿಟೀಲು ಎರಡು, ವಯೋಲಾ, ಚೆಲ್ಲೋ. ಸಂಗೀತದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಕಂಬಿ ಹಿಡಿದು ನಿಂತಿದ್ದ ಮಾವನಿಗೆ ಟಿಕೆಟ್ಟೇ ಇರಲಿಲ್ಲ.

ಆಮೇಲೆ ಶಂಕಗಿರಿಯಲ್ಲಿ ಒಬ್ಬ ಲಾರಿ ಮಾಲೀಕರು ತಮ್ಮ ಹೊಸ ಆಫೀಸಿನ ಪೂಜೆಗೆ ಕರೆದರು. ಡ್ರೈವರುಗಳು ಕೈಕಟ್ಟಿ ನಿಂತು ಕೇಳಿದರು. ಮುಗಿದ ಮೇಲೆ ಮಾಲೀಕರು ಮಾವನ ಬಳಿಗೆ ಬಂದು, ತುಂಬಿದ ಲಾರಿ ತೊಪ್ಪೂರು ಘಾಟ್ ಹತ್ತುವಾಗ ಸೆಕೆಂಡ್ ಗೇರಿನಲ್ಲಿ ಬರುವ ಸದ್ದು ಇದೇ ಎಂದು ತಮಿಳಿನಲ್ಲಿ ಹೊಗಳಿದರು. ಅತ್ತೆ ಆ ಮಾತನ್ನು ನಮ್ಮ ನೋಟೀಸಿನಲ್ಲಿ ಅಚ್ಚು ಹಾಕಿಸಿಬಿಟ್ಟರು. ಸಂಗೀತ ಸಭೆಯೊಂದರವರು ಅದನ್ನು ಓದಿ, ಇದು ಚರ್ಚಿಗೆ ಸರಿಹೋಗಬಹುದು ಎಂದರು. ಚರ್ಚಿನವರು ಸಭೆಯಲ್ಲಿ ಕೇಳಿ ನೋಡಿ ಎಂದರು. ಆದರೇನು? ಮದುವೆಯವರು ಬಿಡಲಿಲ್ಲ. ಮೂರು ವರ್ಷ ನಮಗೆ ಮುಹೂರ್ತವಿದ್ದ ದಿನ ಬಿಡುವೇ ಇರಲಿಲ್ಲ.

ಮೊರಪ್ಪೂರಿನ ಮದುವೆಯಲ್ಲಿ ನಾವು ಮೂವರೂ ನಿಲ್ಲಿಸಿದ ಮೇಲೂ ಮಾವ ಬಾರಿಸುತ್ತಲೇ ಇದ್ದರು. ಜನ ಅದನ್ನೇ ವಿಶೇಷವೆಂದುಕೊಂಡು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ನಗಲಿಲ್ಲ. ಮರುದಿನ ಸೇಲಂನ ಡಾಕ್ಟರು ನೋಡಿ, ಮಗ್ಗದ ಸದ್ದು ಎರಡೂ ಕಿವಿಯನ್ನು ತಿಂದಿದೆ, ಉಳಿದಿರುವುದೂ ಹೋಗುತ್ತದೆ ಎಂದರು.

ಅದೇ ಸಮಯಕ್ಕೆ ಮದರಾಸಿನ ಒಂದು ಕ್ಯಾಸೆಟ್ ಕಂಪನಿಯಿಂದ ಕಾಗದ ಬರಬೇಕೆ? ಅತ್ತೆಯ ಸಂಗೀತವನ್ನು ರೆಕಾರ್ಡ್ ಮಾಡುತ್ತಾರಂತೆ. ಚೆಲ್ಲೋಗೆ ಮಾತ್ರ ಮಾವ ಬೇಡವಂತೆ, ಕಂಪನಿಯ ಹುಡುಗನೇ ಇರಬೇಕಂತೆ. ಅತ್ತೆ ಕಾಗದವನ್ನು ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟರು. ಮಾವ ಅದನ್ನು ತೆಗೆದು ಓದಿದರು.

"ನೀ ಓಗ್ಬುಟ್ಟು ಬಾ," ಎಂದರು. "ನನ್ಗೋಸ್ಕರ ನಿಲ್ಲಬ್ಯಾಡ."

ಹೋದೆವು. ಆ ಹುಡುಗ ಅದ್ಭುತವಾಗಿ ಬಾರಿಸುತ್ತಿದ್ದ. ಒಂದು ಸ್ವರವೂ ಕೂದಲೆಳೆಯಷ್ಟು ಸರಿಯುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಅಭ್ಯಾಸ ಮಾಡಿದ ಅತ್ತೆ ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ಕ್ಷಮಿಸಬೇಕೆಂದು ಕೈಮುಗಿದು ಎದ್ದುಬಿಟ್ಟರು. ವಾಪಸಿನ ರೈಲು ಜೋಲಾರಪೇಟೆ ತಲುಪಿತು. ಅವನದೇನು ತಪ್ಪು ಎಂದು ನಾನೇ ಕೇಳಿದೆ.

"ತಪ್ಪೇನೂ ಇಲ್ಲ ಕಣೇ. ಬಲು ಸುದ್ದ," ಎಂದರು. "ನಾ ಉಸಿರು ತಗೊಳ್ಳೋಗಂಟ ಅವ್ನು ಕಾಯಲ್ಲ. ನಿಮ್ ಮಾವ ಕಾಯ್ತಾರೆ."

ಮನೆಗೆ ಬಂದು ಮಾವನ ಕಿವಿಯ ಹತ್ತಿರ ಬಾಗಿ, ಮದರಾಸಿನವರ ಮಿಷನ್ ರಿಪೇರಿಗೆ ಬಂದಿತ್ತು ಎಂದು ಜೋರಾಗಿ ಹೇಳಿದರು. ಮಾವ ನಂಬಿದವರಂತೆ ತಲೆಯಾಡಿಸಿದರು.

ಮುಂದಿನ ಮುಹೂರ್ತ ಕೊಳತ್ತೂರಿನಲ್ಲಿ. ವೇದಿಕೆ ಹತ್ತಿದ ಅತ್ತೆ ತಮ್ಮ ಕುರ್ಚಿಯನ್ನು ಪೂರ್ತಿ ತಿರುಗಿಸಿ, ಜನಕ್ಕೆ ಬೆನ್ನು ಹಾಕಿ, ಮಾವನಿಗೆ ಎದುರಾಗಿ ಕೂತರು. ಮಂಟಪದಲ್ಲಿ ಗುಸುಗುಸು ಶುರುವಾಯಿತು. ಹುಡುಗಿಯ ಸೋದರಮಾವ ಓಡಿಬಂದು, ವೀಡಿಯೋದವನಿಗೆ ಅಮ್ಮನವರ ಮುಖವೇ ಸಿಗುತ್ತಿಲ್ಲ, ಸ್ವಲ್ಪ ಈ ಕಡೆ ತಿರುಗಬೇಕು ಎಂದು ಮೆತ್ತಗೆ ಕೇಳಿಕೊಂಡರು.

"ಕೇಳಾಕೆ ನನ್ ಮುಖ ಯಾಕಪ್ಪ?" ಎಂದರು ಅತ್ತೆ. "ನೋಡ್ಬೇಕಾದೋರು ಒಬ್ರು ಅವ್ರೆ. ಅವ್ರಿಗೆ ಕಾಣ್ತೈತೆ."

ಅವರು ಕಮಾನು ಎತ್ತಿ ಉಸಿರೆಳೆದುಕೊಂಡರು. ಎದುರಿಗೆ ಮಾವ ಅತ್ತೆಯನ್ನೇ ನೋಡುತ್ತಾ, ಅಷ್ಟೇ ಉಸಿರೆಳೆದುಕೊಂಡರು.