ತಿಂದ ಕೊಬ್ಬನ್ನು ಹಿಂದಿರುಗಿಸುವ ಬಗ್ಗೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವ್ಯಾಪ್ತಿಗೆ ಒಳಪಟ್ಟ ಉಪವಿಭಾಗೀಯ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ, ಹಳೆಯ ಸಾಮಾನನ್ನು ಹಿಂದಿರುಗಿಸದ ಹೊರತು ಹೊಸ ಸಾಮಾನನ್ನು ಕೊಡತಕ್ಕದ್ದಲ್ಲ ಎಂಬ ನಿಯಮವು ಜಾರಿಯಲ್ಲಿರುತ್ತದೆ. ಸವೆದ ಪೊರಕೆ ಕೊಟ್ಟರೆ ಹೊಸ ಪೊರಕೆ, ಸುಟ್ಟ ಬಲ್ಬು ಕೊಟ್ಟರೆ ಹೊಸ ಬಲ್ಬು. ನಿಯಮ ಒಳ್ಳೆಯದೇ. ಇಲ್ಲಿನ ಆದೇಶಗಳನ್ನೆಲ್ಲ ಟೈಪು ಮಾಡುವ ಗುಮಾಸ್ತ ನಾನು. ಕೆಟ್ಟದ್ದು ಅನ್ನೋಕೆ ನನಗೇನು ತಲೆ ಕೆಟ್ಟಿದೆಯೇ?

ಪುರವರದ ವನಜಾಕ್ಷಿ ಡಾಕ್ಟರೇಟಿಗಾಗಿ ನಮ್ಮಲ್ಲಿ ಆರು ವರ್ಷದಿಂದ ದುಡಿಯುತ್ತಿದ್ದರು. ಬನ್ನು ಉಬ್ಬಿಸುವ ಯೀಸ್ಟಿನಲ್ಲೇ ಒಂದು ವಿಚಿತ್ರ ತಳಿ ಸಾಕಿದ್ದರು. ಕೋಶದ ಸುತ್ತಲಿನ ಪೊರೆಗೆ ಬೇಕಾದ ಕೊಬ್ಬನ್ನು ಅದು ತಾನೇ ಮಾಡಿಕೊಳ್ಳಲಾರದು, ಹೊರಗಿನಿಂದ ಹಾಕಬೇಕು. ಹಾಕಿದರೆ ಪೊರೆಯ ಕೊಬ್ಬಿನಿಂದ ಒಂದು ಚೂರು ಕತ್ತರಿಸಿಕೊಂಡು ಒಳಗೆ ಹೋಗಿ, 'ಬೆಳೆ' ಎಂದು ಸಂಕೇತ ಕೊಡುತ್ತದೆ, ಕೋಶ ಬೆಳೆಯುತ್ತದೆ. ಹಾಕದಿದ್ದರೆ ಮೂರು ದಿನದಲ್ಲಿ ಸಾಯುತ್ತದೆ. ಆ ತಳಿ ಬೇರೆಲ್ಲೂ ಇರಲಿಲ್ಲ. ಅದು ಸತ್ತರೆ ಆರು ವರ್ಷವೂ ಸತ್ತಂತೆ.

ಕೊಬ್ಬು ಮುಗಿದ ಸೋಮವಾರ ವನಜಾಕ್ಷಿ ಖಾಲಿ ಬಾಟ್ಲಿ ಹಿಡಿದು ಉಗ್ರಾಣಕ್ಕೆ ಹೋದರು. ಉಗ್ರಾಣದ ಕಾಡಸಿದ್ದಪ್ಪನವರ ಬೆನ್ನ ಹಿಂದೆಯೇ ಫ್ರಿಜ್ಜಿತ್ತು. ಅದರಲ್ಲಿ ಹೊಸ ಕೊಬ್ಬಿನ ಬಾಟ್ಲಿ, ಮತ್ತು ಅವರ ಮನೆಗೆ ಸೇರಿದ ಮೊಸರು, ಟೊಮೆಟೊ, ಎರಡು ಕಟ್ಟು ಮೆಂತ್ಯ ಸೊಪ್ಪು.

"ಹಳೇ ಕೊಬ್ಬು ಎಲ್ಲಮ್ಮಾ?"

"ಕೋಶಗಳು ತಿಂದ್ಬುಟ್ವು ಸಾರ್. ಬಾಟ್ಲಿ ತಂದಿದೀನಿ."

"ಬಾಟ್ಲಿ ಕೊಟ್ರೆ ಬಾಟ್ಲಿ ಕೊಡ್ತೀನಿ. ನೀವು ಕೊಬ್ಬು ಕೇಳ್ತಾ ಇದೀರಿ."

"ಅದು ಈಗ ಅವುಗಳ ಪೊರೆ ಆಗೋಗಿದೆ ಸಾರ್!"

"ಅಂಗಾದ್ರೆ ಎಲ್ಲೂ ಕಳೆದಿಲ್ಲ ಅನ್ನಿ. ತಂದ್ಬುಡಿ."

ಕಸ ಗುಡಿಸುವ ಕೊಲ್ಲಾಪುರಮ್ಮ ಬಾಗಿಲಲ್ಲೇ ನಿಂತಿದ್ದರು. "ನಿಮ್ ಬುದ್ಧಿಗಿಷ್ಟು ಬೆಂಕಿ ಆಕ! ಪೊರಕೆಗಾದ್ರೆ ಹಿಡಿ ಉಳೀತದೆ. ಉಂಡಿದ್ ಮುದ್ದೇನ ಯಾರಾನ ವಾಪಸ್ ಕೇಳ್ತಾರೇನಪ್ಪ?" ಎಂದರು. ಹೇಳಿಕೆಯು ಲಿಖಿತ ರೂಪದಲ್ಲಿ ಇಲ್ಲದ ಕಾರಣ ಪರಿಗಣಿಸಲಾಗಲಿಲ್ಲ.

ಮಂಗಳವಾರ ವಿಷಯ ನಿರ್ದೇಶಕ ಪ್ರಸನ್ನ ಕುಮಾರ್ ಅವರ ಮುಂದೆ ಬಂತು. ಅವರು ಕಡತವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಬೆಳೆಯೋಕೆ ಸಂಕೇತ ಕೊಡೋ ಅಧಿಕಾರ ಈ ಕೊಬ್ಬಿಗೆ ಕೊಟ್ಟೋರು ಯಾರಮ್ಮ? ನನ್ನ ರುಜು ಎಲ್ಲಿದೆ?"

"ಸಾರ್, ಗುರುವಾರದ ಹೊತ್ತಿಗೆ ಎಲ್ಲಾ ಸತ್ತೋಗ್ತವೆ."

"ಅದಕ್ಕೇ ಅಲ್ಲವೇ ತುರ್ತು ಆದೇಶ ಮಾಡ್ತಿರೋದು?"

ಆದೇಶ ಹೀಗಿತ್ತು: "ಕೊಬ್ಬನ್ನು ಸೇವಿಸಿದ ಕೋಶಗಳನ್ನೇ ಸದರಿ ಕೊಬ್ಬೆಂದು ಭಾವಿಸಿ, ಒಂದನ್ನೂ ಉಳಿಸಿಕೊಳ್ಳದೆ, ಅರಗಿನ ಮುದ್ರೆಯೊಂದಿಗೆ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಕೂಡಲೇ ಹೊಸ ಕೊಬ್ಬನ್ನು ನೀಡತಕ್ಕದ್ದು. ಬೆಳೆಯಲಿಚ್ಛಿಸುವ ಕೋಶಗಳು ಇನ್ನು ಮುಂದೆ ಸೂಕ್ತ ಮಾರ್ಗದ ಮೂಲಕ ಮನವಿ ಸಲ್ಲಿಸತಕ್ಕದ್ದು."

ಟೈಪು ಮಾಡಿದವನು ನಾನೇ. ಒಂದೂ ತಪ್ಪಿರಲಿಲ್ಲ.

ಬುಧವಾರ ವನಜಾಕ್ಷಿ ಕೋಶಗಳ ಗಾಜಿನ ಜಾಡಿಯನ್ನು ಎದೆಗವಚಿಕೊಂಡು ತಂದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕೊಬ್ಬು ಇಸಕೊಂಡು, ಅಲ್ಲೇ ಹಾಕಿಬಿಡೋಣ ಎಂಬುದು ಅವರ ಎಣಿಕೆ. ಪಾಪ, ಆರು ವರ್ಷ ನಮ್ಮ ಜೊತೆ ಇದ್ದೂ ಕಲಿತಿರಲಿಲ್ಲ. ಕಾಡಸಿದ್ದಪ್ಪನವರು ಜಾಡಿಯ ಬಾಯಿಗೆ ಬಿಸಿ ಅರಗು ಸುರಿದು ಮುದ್ರೆ ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ಆಮೇಲೆ ಕೊಬ್ಬು ಕೊಟ್ಟರು.

"ಸಾರ್, ಈಗ ಕೋಶ ಕೊಡಿ."

"ಹಳೇ ಕೋಶ ತಂದಿದೀರಾ?"

"ಈಗ ತಾನೇ ಕೊಟ್ನಲ್ಲ ಸಾರ್!"

"ಅದು ಕೊಬ್ಬಿಗೆ ಬದಲಾಗಿ ಬಂದಿದ್ದು ಕಣಮ್ಮ."

ಗುರುವಾರ ಸಂಜೆಯವರೆಗೂ ಆಕೆ ಆ ಬೀರುವಿನ ಮುಂದೆ ಕೂತಿದ್ದರು. ನನಗೆ ನಾಚಿಕೆಯಾಯಿತು. ನಾಚಿಕೆಗೆ ನಮ್ಮಲ್ಲಿ ಯಾವ ನಮೂನೆಯೂ ಇಲ್ಲವಾದ್ದರಿಂದ ಮನೆಗೆ ಹೋದೆ.

ಕೇಂದ್ರವು ಯಾರ ಕೈಯನ್ನೂ ಬಿಡುವುದಿಲ್ಲ. ಪ್ರಬಂಧದ ಶೀರ್ಷಿಕೆಯನ್ನು "ಕೋಶಗಳ ಅನುಪಸ್ಥಿತಿಯಲ್ಲಿ ಪೊರೆಯ ಕೊಬ್ಬಿನ ನಡವಳಿಕೆ" ಎಂದು ತಿದ್ದಲಾಯಿತು. ವನಜಾಕ್ಷಿ ಎರಡು ವರ್ಷ ದಿನಕ್ಕೆ ಮೂರು ಹೊತ್ತು ಬಾಟ್ಲಿಯನ್ನು ನೋಡಿ, "ಬದಲಾವಣೆ ಇಲ್ಲ" ಎಂದು ಬರೆದರು. ಮೊದಮೊದಲು ಸಾಲು ಸೊಟ್ಟಗಿರುತ್ತಿತ್ತು. ಬರಬರುತ್ತಾ ಅಕ್ಷರ ದುಂಡಗಾಯಿತು.

ಮೌಖಿಕ ಪರೀಕ್ಷೆಗೆ ಶಿರಾದಿಂದ ತಜ್ಞ ಮಹಾಲಿಂಗಯ್ಯನವರು ಬಂದಿದ್ದರು. ಒಂದೇ ಪ್ರಶ್ನೆ ಕೇಳಿದರು.

"ಈ ಎರಡು ವರ್ಷದಲ್ಲಿ ಒಂದ್ಸಲಾನಾದ್ರೂ ಮುಚ್ಚಳ ತೆಗೆದಿದ್ರೇನಮ್ಮ?"

"ಇಲ್ಲ ಸಾರ್."

"ಭೇಷ್! ಸಂಶೋಧನೆ ಅಂದ್ರೆ ಇದು."

ಎಲ್ಲರೂ ಚಪ್ಪಾಳೆ ತಟ್ಟಿದರು, ಕೊಲ್ಲಾಪುರಮ್ಮನವರೂ ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದರು. ಡಾ. ವನಜಾಕ್ಷಿಯವರ ಕಣ್ಣಲ್ಲಿ ನೀರು ಬಂತು. ಅದು ಸಂತೋಷದಿಂದ ಎಂದು ನಡಾವಳಿಯಲ್ಲಿ ದಾಖಲಿಸಿದ್ದೇನೆ, ಅವರೂ ಓದಿ ರುಜು ಹಾಕಿದ್ದಾರೆ.