ಹಡಗಿನಲ್ಲಿ ಕಾರು, ಕಾರಿನಲ್ಲಿ ಅತ್ತೆ

ನಾವು ಎಲ್ಲಿಗೇ ಹೊರಟರೂ ನೆಟ್ಟಗೆ ಹೋಗಿ ನೆಟ್ಟಗೆ ಬಂದದ್ದಿಲ್ಲ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯಿಂದ ದುಬೈಗೆ ಹೋಗಿಬರುವಷ್ಟರಲ್ಲೇ ಏನಾದರೊಂದು ಆಗಿರುತ್ತದೆ. ಇನ್ನು ಕಳೆದ ಬೇಸಿಗೆ ರಜೆಯಲ್ಲಿ ಲಂಡನ್ನಿನ ಮೈದುನನ ಮನೆಗೆ ಹೋಗಿ, ಅವನ ನೀಲಿ ಕಾರು ತೆಗೆದುಕೊಂಡು, ಹಡಗು ಹತ್ತಿ ಫ್ರಾನ್ಸಿನ ಡಿಯೆಪ್ ಎಂಬ ಬಂದರಿಗೆ ಹೊರಟೆವೆಂದರೆ ಕೇಳಬೇಕೆ? ನಾನು, ಇವರು, ಮೈಸೂರಿನ ನಮ್ಮ ಅತ್ತೆ. ಮೂರೇ ಜನ.

೧. ಹಡಗು ಬಾಯಿ ತೆರೆಯಿತು

ಕಾರೂ ಹಡಗಿನಲ್ಲೇ ಬರುತ್ತದೆಂದರೆ ಅತ್ತೆ ನಂಬಿರಲಿಲ್ಲ. ಅವರು ಕಂಡ ದೋಣಿಯೆಂದರೆ ಬರ್ ದುಬೈನ ಅಬ್ರಾ ಒಂದೇ. ಅದರಲ್ಲಿ ಮನುಷ್ಯರೇ ಒತ್ತಿಕೊಂಡು ಕೂರಬೇಕು.

ಈ ಹಡಗು ಬಾಯಿ ತೆರೆದು, ನಮ್ಮ ಮುಂದಿದ್ದ ಲಾರಿಯನ್ನು ಇಡಿಯಾಗಿ ನುಂಗಿದ್ದು ನೋಡಿ ಅತ್ತೆ "ಅಯ್ಯೋ ರಾಮ!" ಎಂದು ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಒಳಗೆ ಕಾರು ನಿಲ್ಲಿಸಿ ಎಲ್ಲರೂ ಮೇಲಿನ ಮಹಡಿಗೆ ಹೋಗಬೇಕಂತೆ. ಅತ್ತೆ ಇಳಿಯಲೊಲ್ಲರು.

"ನಾವು ಮೇಲೆ ಹೋದ್ಮೇಲೆ ಕಾರು ಮುಳುಗಿದ್ರೆ?"

"ಕಾರು ಮುಳುಗಿದ್ರೆ ನಾವೂ ಮುಳುಗ್ತೀವಮ್ಮ," ಎಂದರು ಇವರು.

"ಹಾಗಾದ್ರೆ ಸರಿ. ನಿನ್ನ ತಮ್ಮನಿಗೆ ಉತ್ತರ ಹೇಳೋದು ತಪ್ಪಿತು," ಎಂದು ಇಳಿದರು.

೨. ಹಾರ್ನ್ ಹೊಡೆದರೆ

ಡಿಯೆಪ್‌ನಲ್ಲಿ ಇಳಿದಾಗ ತಲೆ ಭಾರ, ಟೀ ಬೇಕೇಬೇಕು. ಅಬುಧಾಬಿಯಲ್ಲಾದರೆ ಕೆಫೆಟೇರಿಯಾ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಸಾಕು, ಹಾಲು ಸಕ್ಕರೆ ಹಾಕಿ ಕುದಿಸಿದ ಕರಕ್ ಟೀ ಕಿಟಕಿಗೇ ಬರುತ್ತದೆ. ಅದೇ ಅಭ್ಯಾಸಬಲದಿಂದ ಇವರು ಅಲ್ಲಿಯ ಕೆಫೆಯೊಂದರ ಮುಂದೆಯೂ ಎರಡು ಸಲ ಪೀಂ ಪೀಂ ಅನ್ನಿಸಿಬಿಟ್ಟರು.

ಹೊರಗೆ ಕೂತಿದ್ದವರೆಲ್ಲ ಕಪ್ಪು ಕೆಳಗಿಟ್ಟು ನಮ್ಮನ್ನೇ ನೋಡಿದರು. ಬಿಳಿ ಮೀಸೆಯ ಮಾಲೀಕ ಓಡೋಡಿ ಬಂದ. ಯಾರಿಗೋ ಹುಷಾರಿಲ್ಲ ಅಂದುಕೊಂಡನೋ ಏನೋ, ಬಾಗಿಲು ತೆಗೆದು ಅತ್ತೆಯ ತೋಳು ಹಿಡಿದು ಇಳಿಸಿದ, ಕುರ್ಚಿ ಎಳೆದು ಕೂರಿಸಿದ.

ನಾನು ನಾಚಿಕೆಯಿಂದ "ತ್ರೀ ಟೀ" ಎಂದೆ. ಅವನು ದೀರ್ಘವಾಗಿ ಉಸಿರು ಬಿಟ್ಟು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಬಿಸಿನೀರು, ದಾರ ಕಟ್ಟಿದ ಟೀ ಪುಡಿ ಪೊಟ್ಟಣ, ಬೆರಳುದ್ದದ ಜಗ್ಗಿನಲ್ಲಿ ತಣ್ಣನೆಯ ಹಾಲು, ಎಲ್ಲ ಬೇರೆ ಬೇರೆಯಾಗಿ ಬಂದವು.

ಅತ್ತೆಗೆ ಆಘಾತ. "ಕೈ ಹಿಡಿದು ಕರ್ಕೊಂಡು ಬಂದು ಕೂರಿಸಿದ್ದು ಟೀ ನಾವೇ ಮಾಡ್ಕೊಳ್ಳಲಿ ಅಂತಲಾ?"

೩. ಮೂರು ಪಾಸ್‌ಪೋರ್ಟ್, ಇಬ್ಬರು ಜನ

ವಾಪಸು ಬರುವಾಗ ಇಂಗ್ಲೆಂಡಿನ ದಡ ಕಾಣಿಸಿದ ಹೊತ್ತಿಗೆ ಅತ್ತೆ ಬಾತ್‌ರೂಮಿಗೆ ಹೋದರು. ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಕಾರಿಗೆ ಹೋಗಿ ಎಂದು ಮೈಕಿನಲ್ಲಿ ಕೂಗಿದರು. ಕಾದೆವು, ಬರಲಿಲ್ಲ. ಒಳಗೆ ಹೋಗಿ ಒಂದೊಂದು ಬಾಗಿಲೂ ಬಡಿದೆ. ಅತ್ತೆ ಇಲ್ಲ!

ಕೆಳಗೆ ಹೋಗಿರಬಹುದೆಂದು ಓಡಿದೆವು. ಕಾರಿನಲ್ಲೂ ಇಲ್ಲ. ಹಿಂದಿನ ಕಾರುಗಳ ಹಾರ್ನ್ ಶುರುವಾಯಿತು. ಹಡಗಿನ ಸಿಬ್ಬಂದಿಯವನು "ಮೊದಲು ಕಾರು ಹೊರಗೆ ತೆಗೀರಿ, ಮೇಲೆ ನಾವು ಹುಡುಕ್ತೀವಿ" ಎಂದ. ಹೆತ್ತ ತಾಯಿಯನ್ನು ಹಡಗಿನಲ್ಲಿ ಬಿಟ್ಟು ಇವರು ಕಾರು ಹೊರಗೆ ತೆಗೆದರು. ನನಗಂತೂ ಅಳುವೇ ಬಂತು.

ಇಮಿಗ್ರೇಷನ್ ಗೂಡಿನಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ನಮ್ಮನ್ನು ನೋಡಿದ. "ಮೂರಿದೆ. ಮೂರನೆಯವರು?"

"ಕಳೆದುಹೋಗಿದ್ದಾರೆ," ಎಂದರು ಇವರು.

ಆತನ ಮುಖ ಬಿಳಿಚಿಕೊಂಡಿತು. ಫೋನಿಗೆ ಕೈ ಹಾಕಿದ. ಆಗ ಪಕ್ಕದ ಸಾಲಿನಲ್ಲಿದ್ದ ಇನ್ನೊಂದು ನೀಲಿ ಕಾರಿನ ಕಿಟಕಿ ಇಳಿಯಿತು.

"ಏ, ಇಲ್ಲಿದ್ದೀನಿ ಕಣೋ!"

ಹಿಂದಿನ ಸೀಟಿನಲ್ಲಿ ಅತ್ತೆ! ಮುಂದೆ ಯಾರೋ ಇಂಗ್ಲಿಷ್ ಮುದುಕ, ಅವನ ಹೆಂಡತಿ. ಇಬ್ಬರೂ ನಮಗಿಂತ ಗಾಬರಿಯಾಗಿದ್ದರು. ಜನರ ಹಿಂದೆಯೇ ಕೆಳಗಿಳಿದ ಅತ್ತೆ ನೀಲಿ ಕಾರು ಕಂಡು, ಬಾಗಿಲು ತೆಗೆದು ಕೂತು, ಕಣ್ಣು ಮುಚ್ಚಿದ್ದರಂತೆ. ಆಮೇಲೆ ಬಂದು ಮುಂದೆ ಕೂತ ಆ ದಂಪತಿ ಹಿಂದೆ ತಿರುಗಿ ನೋಡುವಷ್ಟರಲ್ಲಿ ಸಾಲು ಹೊರಟಿತ್ತು.

"ಓಡಿಸ್ತಿರೋದು ಮಗ ಅಲ್ಲ ಅಂತ ಗೊತ್ತಾಗ್ಲಿಲ್ವೇನಮ್ಮಾ?" ಇವರು ಕೂಗಾಡಿದರು.

"ಹಿಂದಿನಿಂದ ತಲೆ ನೋಡಿದೆ, ಬೋಳು. ನೀನೇ ಅಂದ್ಕೊಂಡೆ."

"ಪಕ್ಕದಲ್ಲಿ ಬೇರೆ ಹೆಂಗಸಿದ್ರಲ್ಲ ಅತ್ತೆ?" ಎಂದೆ ನಾನು, ಕಣ್ಣೊರೆಸಿಕೊಳ್ಳುತ್ತ.

"ಅದೇ ಕಣೇ, ಅಷ್ಟು ಹೊತ್ತಾದ್ರೂ ಬಾಯೇ ಬಿಡಲಿಲ್ಲ," ಎಂದರು ಅತ್ತೆ. "ಆಗಲೇ ನಂಗೆ ಅನುಮಾನ ಬಂದಿದ್ದು, ಇವಳು ನೀನಲ್ಲ ಅಂತ."