ಕಾಯಿ ಒಡೆಯುವ ಮುನ್ನ ಮುಟ್ಟಬಾರದ ಕಂಪ್ಯೂಟರ್

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ನಾನೇ ಹೊಸಬನಾದ ಊರಿನಲ್ಲಿ ಯಾರಾದರೂ ಬಸ್ಸು ಯಾವಾಗ ಎಂದು ಕೇಳಿದರೂ 'ಇನ್ನೇನು ಬಂತು' ಎಂದುಬಿಡುತ್ತೇನೆ. ಈ ಗುಣದಿಂದಲೇ ಎಂಬತ್ತರ ದಶಕದ ಕೊನೆಗೆ, ನವಲಗುಂದ ಕಡೆಯ ಹಳ್ಳಿಯೊಂದರಲ್ಲಿ ಗಣಿತದ ಮಾಸ್ತರನಾಗಿದ್ದ ನನ್ನನ್ನು ಕಂಪ್ಯೂಟರ್ ತರಬೇತಿಗೆಂದು ಧಾರವಾಡಕ್ಕೆ ಕಳಿಸಿದರು. ಕಲಿತದ್ದು ಹದಿನೈದು ದಿನ. ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡದ್ದು ವರ್ಷಗಟ್ಟಲೆ.

ಕಡೆಗೆ ನಮ್ಮ ಶಾಲೆಗೂ ಒಂದು ಕಂಪ್ಯೂಟರ್ ಬಂತು. ಹೆಡ್‌ಮಾಸ್ತರು ಅದನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಿದರು. ಒಮ್ಮೆ ನಡೆಸಿ ನೋಡುತ್ತೇನೆಂದು ಅಂಗಲಾಚಿದೆ. "ಸಾಹೇಬ್ರು ಬಂದು ಕಾಯಿ ಒಡಿಯೂತನಕಾ ಯಾರೂ ಮುಟ್ಟೂಹಂಗಿಲ್ರಿ. ಪೂಜಿ ಆಗದ ಗಾಡಿ ಮ್ಯಾಲೆ ಯಾರರ ಸಂತಿಗೆ ಹೋಗ್ತಾರೇನು?" ಎಂದರು. ಸಾಹೇಬರು ಎಂದರೆ ನಮ್ಮ ಶಿಕ್ಷಣಾಧಿಕಾರಿಗಳೋ, ಪೂಜೆಯ ದಿನವೇ ಯಂತ್ರ ನಡೆಸಿ ತೋರಿಸದಿದ್ದರೆ ಅದನ್ನು ಮಿಶ್ರಿಕೋಟಿಯ ಶಾಲೆಗೆ ಸಾಗಿಸುವುದಾಗಿ ಕಾಗದ ಬರೆದಿದ್ದರು. ನನಗೇನು ಚಿಂತೆ! ಧಾರವಾಡದಲ್ಲಿ ಬರೆದು ನಡೆಸಿದ್ದ ಪ್ರೋಗ್ರಾಂ ನೋಟ್‌ಬುಕ್ಕಿನಲ್ಲಿತ್ತು. ಕಂಪ್ಯೂಟರಿನಲ್ಲಿ ಯಾವ ಯಾವ ಕಡತಗಳಿವೆ ಎಂದು ಅದು ತೋರಿಸಬೇಕು. ಆದರೆ ತಾನೇ ಹುಡುಕುವುದಿಲ್ಲ. ನಡುವೆ ನಿಂತು, ಯಂತ್ರವನ್ನು ಆಳುವ ವ್ಯವಸ್ಥೆಗೆ ಒಂದು ಕಮಾಂಡ್ ಕೂಗಿ ಹೇಳಿ ಹುಡುಕಿಸುತ್ತದೆ. ಧಾರವಾಡದಲ್ಲಿದ್ದದ್ದು ಯುನಿಕ್ಸ್ ಎಂಬ ವ್ಯವಸ್ಥೆ. ಅಲ್ಲಿ 'ಎಲ್‌ಎಸ್' ಎಂದರೆ ಸಾಕು, ಪಟ್ಟಿ ಬರುತ್ತಿತ್ತು.

ಆ ದಿನ ಬಂತು. ಕಾಯಿ ಒಡೆಯಿತು, ಊದಿನಕಡ್ಡಿ ಹೊಗೆಯಾಡಿತು. ನಾನು ಗತ್ತಿನಿಂದ ಆ ಪ್ರೋಗ್ರಾಂ ಟೈಪ್ ಮಾಡಿ ಗುಂಡಿ ಒತ್ತಿದೆ. ಇಂಥ ಕಮಾಂಡೇ ಇಲ್ಲ ಎಂಬ ಒಂದು ಇಂಗ್ಲಿಷ್ ಸಾಲು ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಅಂಗಿ ಬೆನ್ನಿಗೆ ಅಂಟಿತು. ಸಾಹೇಬರು ಗಡಿಯಾರ ನೋಡಿ, "ಮಿಶ್ರಿಕೋಟ್ಯಾಗ ಜಾಗಾ ತಯಾರ ಐತಂತ" ಎಂದರು. ಹೆಡ್‌ಮಾಸ್ತರರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಬಾಜು ನಿಂತಿದ್ದ ನಮ್ಮ ಶಾಲೆಯ ಸಿಪಾಯಿ ಇಮಾಮಸಾಬ ನನ್ನ ಕಿವಿಯಲ್ಲಿ, "ಸರ, ಧಾರವಾಡದ್ದೂ ಇದೂ ಒಂದ ಮನಿತನದ್ದೇನ್ರಿ? ನಾ ಶಾಲ್ಯಾಗ ಕನ್ನಡ ಮಾತಾಡ್ತೀನಿ, ಮನ್ಯಾಗ ಉರ್ದು. ಮುಂದ ಯಾರದಾರಂತ ನೋಡೇ ಬಾಯಿ ತಗೀತೀನಿ" ಅಂದ. ಅಯ್ಯೋ ನನ್ನ ಬುದ್ಧಿಯೇ! ನಮ್ಮ ಯಂತ್ರದ ವ್ಯವಸ್ಥೆಯೇ ಬೇರೆ, ಡಾಸ್. ಅದಕ್ಕೆ 'ಡಿಐಆರ್' ಎನ್ನಬೇಕೆಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನೇ ಗೀಚಿಕೊಂಡಿದ್ದೆ. ಒಂದು ಪದ ತಿದ್ದಿ ಒತ್ತಿದೆ. ಪರದೆ ತುಂಬ ಪಟ್ಟಿ, ಕೋಣೆ ತುಂಬ ಚಪ್ಪಾಳೆ. ಕಂಪ್ಯೂಟರ್ ನಮ್ಮಲ್ಲೇ ಉಳಿಯಿತು.

"ತಪ್ಪು ಹ್ಯಾಂಗ ಹೊಳೀತ್ರಿ ಮಾಸ್ತರ?" ಎಂದು ಸಾಹೇಬರು ಕೇಳಿದರು. "ಒಂದು ದೊಡ್ಡ ಪುಸ್ತಕದಾಗ ಓದಿದ್ದೆ ನೋಡ್ರಿ" ಎಂದೆ. ಇಮಾಮಸಾಬ ಕೇಳಿಸಿಕೊಂಡು, ಒಡೆದ ಕಾಯಿಯ ಹೋಳು ಆರಿಸತೊಡಗಿದ. ನಾಚಿಕೆಯಾಯಿತು, ಆದರೆ ಹಾರ ಆಗಲೇ ಕೊರಳಿಗೆ ಬಿದ್ದಿತ್ತು.

ಎಲ್ಲರೂ ಹೋದ ಮೇಲೆ, "ಇಮಾಮಸಾಬ, ಒಂದೀಟು ಚಾ ಮಾಡ್ತೀಯೇನಪಾ?" ಎಂದೆ.

"ಆ ದೊಡ್ಡ ಪುಸ್ತಕ ತಗದು ನೋಡ್ರಿ ಸರ, ಚಾ ಮಾಡೂದನ್ನೂ ಬರೆದಿದ್ದಾರು" ಎಂದು ಆರಾಮಾಗಿ ಬೆಂಚಿನ ಮೇಲೆ ಕುಳಿತ.

ಸ್ಟೋವ್ ನಾನೇ ಹಚ್ಚಿದೆ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಕೇಳಲು ಮುಖವಿಲ್ಲದೆ, ಇಬ್ಬರಿಗೂ ಸಪ್ಪೆ ಚಹಾ ಸೋಸಿದೆ. ಇಮಾಮಸಾಬ ಒಂದು ಗುಟುಕು ಕುಡಿದು, ನನ್ನನ್ನೊಮ್ಮೆ ನೋಡಿ, ಕಿಸೆಯಿಂದ ಬೆಲ್ಲದ ಚೂರು ತೆಗೆದು ತನ್ನ ಕಪ್ಪಿಗಷ್ಟೇ ಹಾಕಿಕೊಂಡ.